ನನ್ನ ಸಹಿಯಲ್ಲಿ ಅವಳ ರಾಜೀನಾಮೆ

“ಮೇಡಂ, ನಿಮ್ಮ ಕಂಪನಿ ಇಲ್ಲವಲ್ಲ.”

ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ಹೊರಗುತ್ತಿಗೆಗಳನ್ನು ನೋಡಿಕೊಳ್ಳುವ ಮ್ಯಾನೇಜರು ಹೀಗೆಂದಾಗ, ಅವರು ಬೇರೆ ಯಾರದೋ ಫೈಲು ತೆರೆದಿರಬೇಕು ಎಂದುಕೊಂಡೆ. ಆಪರೇಷನ್ ಮುಗಿಸಿ ಮನೆಗೆ ಹೋಗುವ ರೋಗಿಗಳಿಗೆ, ಹಾಸಿಗೆ ಹಿಡಿದ ಹಿರಿಯರಿಗೆ ಮನೆಗೇ ನರ್ಸುಗಳನ್ನು ಕಳಿಸುವ ಕೆಲಸ ನಮ್ಮದು. ಆ ಆಸ್ಪತ್ರೆಯೊಂದಿಗೆ ನೇರ ಒಪ್ಪಂದ ಮಾಡಿಕೊಳ್ಳುವ ಮಾತುಕತೆ ತಿಂಗಳುಗಟ್ಟಲೆ ನಡೆದು, ಆ ದಿನ ಸಹಿ ಹಾಕುವುದಷ್ಟೇ ಬಾಕಿಯಿತ್ತು. ಕಂಪನಿಯ ಮೊಹರನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ.

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಸರಕಾರದ ಜಾಲತಾಣದಲ್ಲಿ ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರು ಅಕ್ಷರ ತಪ್ಪದೆ ಇತ್ತು. ಅದರ ಮುಂದೆ ‘ಸ್ಟ್ರೈಕ್ ಆಫ್’ ಎಂದಿತ್ತು. ಎಂದರೆ, ರಿಜಿಸ್ಟರಿನಿಂದ ಹೊಡೆದುಹಾಕಲಾಗಿದೆ.

“ಎಂತದೋ ತಪ್ಪಾಗಿರ್ಬೇಕು ಸರ್. ಇವತ್ತು ಬೆಳಿಗ್ಗೆ ಸಹ ನಮ್ಮ ನರ್ಸುಗಳು ಡ್ಯೂಟಿಗೆ ಹೋಗಿದ್ದಾರೆ,” ಎಂದೆ.

“ಇರ್ಬಹುದು ಮೇಡಂ. ಆದ್ರೆ ಇಲ್ಲದ ಕಂಪನಿಯೊಟ್ಟಿಗೆ ನಾವು ಅಗ್ರಿಮೆಂಟ್ ಮಾಡುದು ಹೇಗೆ? ನೀವು ಸರಿ ಮಾಡಿಸ್ಕೊಂಡು ಬನ್ನಿ. ಸ್ವಲ್ಪ ದಿನ ಕಾಯ್ತೇನೆ.”

ಮೆಟ್ಟಿಲಿಳಿಯುತ್ತಲೇ ನಾನು ಫೋನು ಮಾಡಿದ್ದು ನನ್ನ ಗೆಳತಿಗೆ. ಕಂಪನಿ ನಮ್ಮಿಬ್ಬರದು. ನರ್ಸಿಂಗ್ ಕಲಿಯುವಾಗ ಒಂದೇ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ನಮ್ಮ ಮನೆಮಾತು ಕೊಂಕಣಿ, ಅವಳದು ತುಳು. ಅವಳಿಂದಾಗಿಯೇ ನನ್ನ ತುಳು ಸುಧಾರಿಸಿತು. ಮದುವೆಯಾದ ಮೇಲೆ ಅವಳು ನರ್ಸಿಂಗ್ ಬಿಟ್ಟು, ನಂತೂರಿನಲ್ಲಿ ಗಂಡನ ಲಾರಿ ಸಾಗಾಟದ ಕಂಪನಿಯ ಆಫೀಸು ನೋಡಿಕೊಳ್ಳತೊಡಗಿದಳು. ನಾನು ಕುವೈತಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ದುಡಿದು, ಅಮ್ಮನ ಕಾಯಿಲೆಯೆಂದು ಊರಿಗೆ ಮರಳಿದೆ. ಅಮ್ಮನಿಗೆ ಮನೆಯಲ್ಲಿ ಒಬ್ಬ ಒಳ್ಳೆಯ ನರ್ಸು ಸಿಗದೆ ನಾನು ಒದ್ದಾಡುವುದನ್ನು ನೋಡಿ, “ಇದನ್ನೇ ನಾವು ಮಾಡುವ ಮಾರಾಯ್ತಿ” ಎಂದವಳು ಅವಳೇ. ಇಬ್ಬರಿಗೂ ಸಮಪಾಲು ಷೇರು, ಇಬ್ಬರೂ ಡೈರೆಕ್ಟರುಗಳು. ನರ್ಸುಗಳು, ರೋಗಿಗಳು, ತರಬೇತಿ ನನಗೆ. ಸರಕಾರಿ ಕಾಗದ ಪತ್ರ ಅವಳಿಗೆ. ಕಂಪನಿಯ ನೋಂದಾಯಿತ ವಿಳಾಸವೂ ಅವಳ ಮನೆಯ ಎದುರು ಕೋಣೆಯದೇ, ದಾಖಲೆಯಲ್ಲಿದ್ದ ಇಮೇಲೂ ಅವಳದೇ. ಕೆಲಸ ನಡೆಯುವ ಆಫೀಸು ಮಾತ್ರ ಕಂಕನಾಡಿ ಮಾರುಕಟ್ಟೆಯ ಹತ್ತಿರ, ಒಂದು ಮಹಡಿಯ ಮೇಲೆ.

“ಅದು ಪೋರ್ಟಲಿನ ಪ್ರಾಬ್ಲೆಂ. ಹೊಸತು ಮಾಡಿದ ಮೇಲೆ ಸುಮಾರು ಜನರದ್ದು ಹಾಗೆಯೇ ತೋರಿಸ್ತದೆ,” ಎಂದಳು ಅವಳು. “ನೀನು ತಲೆಬಿಸಿ ಮಾಡ್ಬೇಡ. ನಾನು ನೋಡ್ತೇನೆ.”

ಅವಳ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. ಆ ಕ್ಷಣಕ್ಕೆ ಅದು ನನಗೆ ಧೈರ್ಯ ಕೊಟ್ಟಿತು.

ಮರುದಿನ ಬ್ಯಾಂಕು ಖಾತೆಯನ್ನು ನಿಲ್ಲಿಸಿತು. ನರ್ಸುಗಳ ಸಂಬಳ ಕಳಿಸಲು ಹೋದಾಗ, ರಿಜಿಸ್ಟರಿನಿಂದ ತೆಗೆದ ಕಂಪನಿಯ ಖಾತೆಯಿಂದ ಏನನ್ನೂ ಹೊರಗೆ ಬಿಡುವಂತಿಲ್ಲ ಎಂದು ಅಧಿಕಾರಿ ಹೇಳಿದರು. ಗೆಳತಿಗೆ ಕರೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಸಂಜೆಯವರೆಗೂ ಎತ್ತಲಿಲ್ಲ. ಆ ತಿಂಗಳ ಸಂಬಳವನ್ನು ನನ್ನ ಸ್ವಂತ ಉಳಿತಾಯದಿಂದ ಕೊಟ್ಟು, ಪರಿಚಯದವರೊಬ್ಬರ ಮೂಲಕ ಒಬ್ಬ ಕಂಪನಿ ಸೆಕ್ರೆಟರಿಯನ್ನು ಹುಡುಕಿಕೊಂಡು ಹೋದೆ. ಕಂಪನಿಗಳ ಕಾನೂನು ಪಾಲನೆಯನ್ನೇ ವೃತ್ತಿ ಮಾಡಿಕೊಂಡ ಹೆಂಗಸು. ಮಾತು ಕಡಿಮೆ. ನನ್ನ ಕಂಪನಿಯ ನಂಬರು ಹಾಕಿ ಬಹಳ ಹೊತ್ತು ಪರದೆ ನೋಡಿದರು.

“ಪ್ರತಿ ವರ್ಷ ಎಂತೆಂತ ಸಲ್ಲಿಸ್ಬೇಕು ಅಂತ ನಿಮಗೆ ಗೊತ್ತುಂಟಾ?”

“ನನ್ನ ಪಾಲುದಾರೆ ಮಾಡ್ತಾಳೆ,” ಎಂದೆ.

ಅವರು ಮಗುವಿಗೆ ಪಾಠ ಹೇಳಿದಂತೆ ಹೇಳಿದರು. ವರ್ಷಕ್ಕೊಮ್ಮೆ ಷೇರುದಾರರ ಸಾಮಾನ್ಯ ಸಭೆ ಆಗಬೇಕು. ಅಲ್ಲಿ ಆಡಿಟ್ ಆದ ಲೆಕ್ಕಪತ್ರ ಮಂಡಿಸಿ, ಅದನ್ನು ಗಡುವಿನೊಳಗೆ ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಬೇಕು. ಷೇರುದಾರರು ಯಾರು, ಡೈರೆಕ್ಟರುಗಳು ಯಾರು ಎಂಬ ವಾರ್ಷಿಕ ವಿವರಣೆ ಬೇರೆ. ಡೈರೆಕ್ಟರುಗಳು ತಮ್ಮ ಗುರುತನ್ನು ಖಚಿತಪಡಿಸುವ ಕೆವೈಸಿ ಬೇರೆ. ಇವು ಯಾವುದೂ ಹೋಗದಿದ್ದರೆ ಕಂಪನಿ ವ್ಯವಹಾರ ನಿಲ್ಲಿಸಿದೆಯೆಂದು ರಿಜಿಸ್ಟ್ರಾರ್ ಭಾವಿಸಬಹುದು. ನೋಟಿಸು ಕೊಡುತ್ತಾರೆ, ಪ್ರಕಟಣೆ ಹೊರಡಿಸುತ್ತಾರೆ, ಯಾರೂ ಉತ್ತರಿಸದಿದ್ದರೆ ಹೆಸರು ತೆಗೆಯುತ್ತಾರೆ.

“ನಿಮ್ಮ ಲೆಕ್ಕಪತ್ರ, ವಾರ್ಷಿಕ ವಿವರಣೆ ಮೂರು ವರ್ಷದಿಂದ ಒಂದೂ ಹೋಗಿಲ್ಲ,” ಎಂದರು.

ನನಗೆ ನಂಬಲಾಗಲಿಲ್ಲ. ಈ ಮೂರು ವರ್ಷಗಳಲ್ಲಿ ಅವಳು ವಾರಕ್ಕೆರಡು ದಿನ ಆಫೀಸಿಗೆ ಬಂದು ನನ್ನೆದುರು ಕುಳಿತಿದ್ದಾಳೆ. ನರ್ಸುಗಳ ಪಿಎಫ್ ತಪ್ಪದೆ ಕಟ್ಟುತ್ತಿದ್ದೆವು. ಆ ರಸೀದಿಗಳನ್ನು ನೋಡಿ ಉಳಿದದ್ದೂ ಹಾಗೆಯೇ ನಡೆಯುತ್ತಿದೆಯೆಂದು ತಿಳಿದಿದ್ದೆ. ಮೊದಲೆಲ್ಲ ಕೆವೈಸಿಗೆಂದು ವರ್ಷಕ್ಕೊಮ್ಮೆ ಅವಳು ಫೋನು ಮಾಡಿ, “ನಿನ್ನ ಮೊಬೈಲಿಗೊಂದು ಒಟಿಪಿ ಬಂತಲ್ವಾ, ಹೇಳು” ಎನ್ನುತ್ತಿದ್ದಳು. ಕಳೆದ ವರ್ಷ ಕೇಳಿರಲಿಲ್ಲ. ವ್ಯವಸ್ಥೆ ಸುಲಭವಾಗಿರಬೇಕು ಎಂದುಕೊಂಡು ಸುಮ್ಮನಿದ್ದೆ.

“ಇನ್ನೊಂದು ವಿಷಯ,” ಎಂದರು ಸೆಕ್ರೆಟರಿ. “ಮೂರು ವರ್ಷ ಸತತವಾಗಿ ಸಲ್ಲಿಸದಿದ್ರೆ ಡೈರೆಕ್ಟರುಗಳು ಐದು ವರ್ಷ ಅನರ್ಹರಾಗ್ತಾರೆ. ಬೇರೆ ಯಾವ ಕಂಪನಿಗೂ ಡೈರೆಕ್ಟರ್ ಆಗ್ಲಿಕ್ಕಾಗುದಿಲ್ಲ. ನೀವಿಬ್ಬರೂ ಈಗ ಆ ಪಟ್ಟಿಯಲ್ಲಿದ್ದೀರಿ.”

ನಾನು ಮೊದಲು ಯೋಚಿಸಿದ್ದು ಗೆಳತಿಯ ಬಗ್ಗೆ. ಗಂಡನ ಕಂಪನಿಯಲ್ಲೂ ಅವಳು ಡೈರೆಕ್ಟರು. “ಅಯ್ಯೋ, ಅವಳಿಗೆ ಇದು ಗೊತ್ತುಂಟೋ ಇಲ್ವೋ. ಗಂಡನ ಕಂಪನಿಯಲ್ಲಿ ಸಹ ಇದ್ದಾಳೆ,” ಎಂದೆ.

ಸೆಕ್ರೆಟರಿ ಕನ್ನಡಕ ಸರಿಮಾಡಿಕೊಂಡು ಎರಡನೇ ಡೈರೆಕ್ಟರಿನ ಹೆಸರು ಓದಿದರು. ಅದು ನನ್ನ ಗೆಳತಿಯ ಹೆಸರಾಗಿರಲಿಲ್ಲ. ನಮ್ಮ ಹಿರಿಯ ನರ್ಸಿನ ಹೆಸರಾಗಿತ್ತು.

ಈ ಹಿರಿಯ ನರ್ಸು ಬೆಂಗ್ರೆಯವರು. ದೋಣಿಯಲ್ಲಿ ಹೊಳೆ ದಾಟಿ ದಿನಾಲೂ ಕೆಲಸಕ್ಕೆ ಬರುವವರು. ಗಂಡನಿಗೆ ಮೀನುಗಾರಿಕೆ ಬೋಟಿನಲ್ಲಿ ಕೆಲಸ. ಕಂಪನಿ ಶುರುವಾದ ದಿನದಿಂದ ನಮ್ಮೊಂದಿಗಿದ್ದಾರೆ. ಪಾರ್ಶ್ವವಾಯು ಆದವರನ್ನು ಮಗ್ಗುಲು ತಿರುಗಿಸುವುದನ್ನು ಹೊಸ ಹುಡುಗಿಯರಿಗೆ ಕಲಿಸಲು ಅವರಿಗಿಂತ ಒಳ್ಳೆಯವರು ನನಗೆ ಸಿಗಲಿಲ್ಲ. ಡ್ಯೂಟಿ ಮುಗಿಸಿ ಆಫೀಸಿಗೆ ಬಂದವರನ್ನು ಕೂರಿಸಿ, “ನೀವು ನಮ್ಮ ಕಂಪನಿಯ ಡೈರೆಕ್ಟರಾ?” ಎಂದು ನೇರವಾಗಿ ಕೇಳಿದೆ.

ಅವರ ಮುಖದಲ್ಲಿ ನಾಚಿಕೆ ಬಂತು. ನಕ್ಕರು ಸಹ.

“ನಿಮಗೆ ಹೇಳಿದ್ರಾ ಸಿಸ್ಟರ್? ನೀವಾಗಿಯೇ ಹೇಳುವವರೆಗೆ ನಾನು ಬಾಯಿ ಬಿಡ್ಬಾರ್ದು ಅಂತ ಮೇಡಂ ಹೇಳಿದ್ರು. ಇಷ್ಟು ವರ್ಷ ದುಡಿದದ್ದಕ್ಕೆ ನೀವಿಬ್ಬರೂ ಸೇರಿ ಕೊಟ್ಟ ಪ್ರಮೋಷನ್ ಅಂತ.”

ಮತ್ತೆ ಒಂದೊಂದಾಗಿ ಹೇಳಿದರು. ನನ್ನ ಗೆಳತಿ ಅವರನ್ನು ನಂತೂರಿನ ಮನೆಗೆ ಕರೆಸಿದ್ದಳು. ಆಧಾರ್, ಪ್ಯಾನ್ ತೆಗೆದುಕೊಂಡಳು. ಫೋನಿನ ಕ್ಯಾಮೆರಾದ ಮುಂದೆ ಕೂರಿಸಿ, ಕಾರ್ಡು ಹಿಡಿದುಕೊಂಡು ಹೆಸರು ಹೇಳಲು ಹೇಳಿದಳು. ಅದು ಡಿಜಿಟಲ್ ಸಹಿ ಮಾಡಿಸುವ ಕ್ರಮ. ಆ ಸಹಿ ತುಂಬಿದ, ಪೆನ್‌ಡ್ರೈವಿನಂಥ ಟೋಕನ್ ಬಂದ ಮೇಲೆ ಅದನ್ನೂ ತನ್ನಲ್ಲೇ ಇಟ್ಟುಕೊಂಡಳು. ನನ್ನ ಟೋಕನೂ ಮೊದಲಿನಿಂದ ಅವಳ ಡ್ರಾಯರಿನಲ್ಲೇ ಇತ್ತು.

“ಆ ಮೇಲೆ ಒಂದು ರಿಜಿಸ್ಟರ್ ಪೋಸ್ಟ್ ಬಂತು ಸಿಸ್ಟರ್. ಇಂಗ್ಲಿಷಲ್ಲಿತ್ತು. ಹೆದರಿಕೆ ಆಗಿ ಮೇಡಂನ ಹತ್ರ ಕೊಂಡೋದೆ. ‘ಡೈರೆಕ್ಟರ್ ಆದವರಿಗೆಲ್ಲ ಬರ್ತದೆ, ನಾನು ನೋಡ್ತೇನೆ’ ಅಂದ್ರು.”

ಅದು ಹೆಸರು ತೆಗೆಯುವ ಮುನ್ನ ಕೊಡುವ ನೋಟಿಸು. ನನಗೆ ಬರಬೇಕಾದದ್ದು ನಾವು ಎಂದೋ ಬಿಟ್ಟ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿತ್ತು. ವಿಳಾಸ ಬದಲಾಯಿಸಲು ಅವಳಿಗೆ ಹೇಳಿದ್ದೆ. ಆಯಿತು ಎಂದಿದ್ದಳು.

ಇಷ್ಟು ಕೇಳಿದ ಮೇಲೆ ಉಳಿದದ್ದು ಸೆಕ್ರೆಟರಿಯ ಬಾಯಿಂದ ತಿಳಿಯಿತು. ಎರಡು ವರ್ಷದ ಸಲ್ಲಿಕೆಗಳು ಬಾಕಿ ಬಿದ್ದು, ಮೂರನೆಯದರ ಗಡುವು ಬರುವ ಮುಂಚೆ ಅವಳು ಹಿರಿಯ ನರ್ಸನ್ನು ಡೈರೆಕ್ಟರ್ ಮಾಡಿ, ತಾನು ರಾಜೀನಾಮೆ ಕೊಟ್ಟಿದ್ದಳು. ಕಂಪನಿಯ ಪರವಾಗಿ ಆ ರಾಜೀನಾಮೆಯನ್ನು ಅಂಗೀಕರಿಸಿ ರಿಜಿಸ್ಟ್ರಾರಿಗೆ ತಿಳಿಸಿದವಳು ನಾನು. ನನ್ನ ಡಿಜಿಟಲ್ ಸಹಿ ಅದರ ಮೇಲಿತ್ತು. ಅದಾದ ಮೇಲೂ ಅವಳು ಆಫೀಸಿಗೆ ಬರುವುದನ್ನು ನಿಲ್ಲಿಸಿರಲಿಲ್ಲ. ನನ್ನ ಹುಟ್ಟುಹಬ್ಬಕ್ಕೆ ಕೇಕು ತಂದಿದ್ದಳು.

ನಂತೂರಿನ ಅವಳ ಮನೆಗೆ ಹೋದೆ. ಹೆದ್ದಾರಿಯ ಲಾರಿಗಳ ಸದ್ದಿಗೆ ಕಿಟಕಿ ಮುಚ್ಚಿಯೇ ಇಡುವ ಮನೆ ಅದು. ಅವಳೇ ಬಾಗಿಲು ತೆರೆದಳು. ನನ್ನ ಮುಖ ನೋಡಿದೊಡನೆ ಗೊತ್ತಾಯಿತೆಂದು ಕಾಣುತ್ತದೆ, ಪೋರ್ಟಲಿನ ಮಾತು ಎತ್ತಲಿಲ್ಲ.

“ಕೂತ್ಕೋ. ನೀರು ಕುಡಿ.”

“ಯಾಕೆ ಹೀಗೆ ಮಾಡಿದೆ?”

“ನಾನು ಬೇಕೂಂತ ಮಾಡಿದ್ದಲ್ಲ. ಆಡಿಟರ್ ನಡುವಲ್ಲಿ ಬಿಟ್ಟು ಹೋದ. ಬೇರೆಯವರನ್ನು ಹುಡುಕುವ ಅಂತ ದಿನ ದೂಡಿದೆ. ಫೈನು ದಿನದಿನ ಏರ್ತಾ ಹೋಯ್ತು. ನಿನಗೆ ಹೇಳ್ಲಿಕ್ಕೆ ಹೆದರಿಕೆ ಆಯ್ತು. ನಿನ್ನ ಅಮ್ಮ ಆಗ ಐಸಿಯುವಿನಲ್ಲಿದ್ರು.”

ಇಲ್ಲಿಯವರೆಗಿನದನ್ನು ನಾನು ಒಪ್ಪಬಲ್ಲವಳಾಗಿದ್ದೆ. ಹೆದರಿ ಮುಚ್ಚಿಡುವುದನ್ನು ಆಸ್ಪತ್ರೆಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. “ಸರಿ, ಹೆದರಿಕೆ ಆಯ್ತು. ರಾಜೀನಾಮೆ ಯಾಕೆ ಕೊಟ್ಟೆ?” ಎಂದೆ.

“ಮೂರು ವರ್ಷ ಆದ್ರೆ ನನ್ನನ್ನು ಇವರ ಕಂಪನಿಯಿಂದ ಸಹ ತೆಗೀತಾರೆ ಅಂತ ಗೊತ್ತಾಯ್ತು. ಬ್ಯಾಂಕ್ ಲೋನಿಗೆಲ್ಲ ನನ್ನ ಸಹಿ ಉಂಟಲ್ಲ ಮಾರಾಯ್ತಿ ಅಲ್ಲಿ. ಇವರಿಗೆ ನಾನೆಂತ ಹೇಳುದು? ನಿನಗೆ ಬೇರೆ ಕಂಪನಿ ಇಲ್ಲ. ನಿನಗೆ ಹೋಗ್ಲಿಕ್ಕೆ ಎಂತ ಉಂಟು?”

“ಮತ್ತೆ ಆ ಹೆಂಗಸು? ಅವರಿಗೆ?”

“ಅವರಿಗೆ ಡೈರೆಕ್ಟರ್ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ. ಅವರಿಗೆ ಎಂತ ಆಗ್ಲಿಕ್ಕುಂಟು?”

ಅವಳು ಇದನ್ನು ಕ್ರೌರ್ಯದಿಂದ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡು, ನನ್ನನ್ನು ಸಮಾಧಾನ ಮಾಡುವವಳಂತೆ ಹೇಳಿದಳು. ಆಮೇಲೆ ತನ್ನ ಪರಿಹಾರವನ್ನೂ ಮುಂದಿಟ್ಟಳು. ಸತ್ತ ಕಂಪನಿಯನ್ನು ಬಿಟ್ಟುಬಿಡುವುದು. ಅವಳೂ ಅವಳ ಮಗಳೂ ಡೈರೆಕ್ಟರಾಗಿ ಹೊಸ ಕಂಪನಿ ತೆರೆಯುವುದು. ನರ್ಸುಗಳನ್ನೆಲ್ಲ ಅದಕ್ಕೆ ಸೇರಿಸಿಕೊಳ್ಳುವುದು. ಆಸ್ಪತ್ರೆಯ ಒಪ್ಪಂದವೂ ಅದರ ಹೆಸರಿಗೆ. ನಾನು ನರ್ಸಿಂಗ್ ಮುಖ್ಯಸ್ಥೆ.

“ನಾನು ಡೈರೆಕ್ಟರ್ ಯಾಕಲ್ಲ?” ಎಂದೆ.

“ನೀನು ಈಗ ಆಗ್ಲಿಕ್ಕಾಗುದಿಲ್ಲ ಅಲ್ವಾ?”

ಮನೆಗೆ ಹೇಗೆ ಬಂದೆನೆಂದು ನೆನಪಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಅವಮಾನ ನನ್ನನ್ನು ಹಿಡಿದಿತ್ತು. ಅವಳು ನನ್ನನ್ನು ತೂಗಿ ನೋಡಿದ್ದಳು. ಕಳೆದುಕೊಳ್ಳಲು ಯಾರಿಗೆ ಕಡಿಮೆ ಇದೆಯೆಂದು ಕೂತು ಲೆಕ್ಕ ಹಾಕಿದ್ದಳು.

ಹೊಸ ಕಂಪನಿಯ ದಾರಿ ಸುಲಭವೆಂದು ಸೆಕ್ರೆಟರಿಯೂ ಒಪ್ಪಿದರು. ಹಳೆಯದಕ್ಕೆ ಜೀವ ಕೊಡಬೇಕಾದರೆ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಹೆಸರು ತೆಗೆದ ದಿನ ಕಂಪನಿ ನಿಜವಾಗಿಯೂ ವ್ಯವಹಾರ ನಡೆಸುತ್ತಿತ್ತೆಂದು ತೋರಿಸಬೇಕು. ಬಾಕಿ ಎಲ್ಲ ವರ್ಷಗಳ ಲೆಕ್ಕ ಆಡಿಟ್ ಆಗಬೇಕು. ತಿಂಗಳುಗಳೇ ಹಿಡಿಯಬಹುದು.

ಅರ್ಜಿಯ ಗೊಡವೆ ಬೇಡ ಎಂದುಕೊಂಡೇ ಆಫೀಸಿಗೆ ಮರಳಿದೆ. ಅಲ್ಲಿ ನಮ್ಮ ಇಬ್ಬರು ನರ್ಸುಗಳು ಕಾಯುತ್ತಿದ್ದರು. ಗಲ್ಫಿನ ಆಸ್ಪತ್ರೆಯೊಂದಕ್ಕೆ ಆಯ್ಕೆಯಾದವರು. ಅವರ ಅನುಭವ ಪತ್ರ ನಮ್ಮ ಕಂಪನಿಯದು. ಅದನ್ನು ಪರಿಶೀಲಿಸುವ ಸಂಸ್ಥೆ ಇಂಥ ಕಂಪನಿ ಇದೆಯೇ ಎಂದು ಮೊದಲು ನೋಡುತ್ತದೆ. ನಾನೂ ಒಂದು ಕಾಲದಲ್ಲಿ ಅದನ್ನು ದಾಟಿ ಹೋದವಳೇ. ಅವರಲ್ಲೊಬ್ಬಳು ಕೇಳಿದಳು: “ಸಿಸ್ಟರ್, ಕಂಪನಿ ಕ್ಯಾನ್ಸಲ್ ಆಗಿದೆ ಅಂತ ಹೇಳ್ತಾರೆ. ಹಾಗಾದ್ರೆ ನಾವು ಇಷ್ಟು ವರ್ಷ ಮಾಡಿದ ಡ್ಯೂಟಿ ಎಂತ ಆಗ್ತದೆ?”

ಹೊಸ ಕಂಪನಿ ತೆರೆದರೆ ಅವಳ ಪ್ರಶ್ನೆಗೆ ಉತ್ತರ ಇರಲಿಲ್ಲ. ಸೆಕ್ರೆಟರಿಗೆ ಫೋನು ಮಾಡಿ, ಅರ್ಜಿ ಹಾಕುವ ಎಂದೆ.

ಕೆಲಸ ಶುರುವಾದ ಮೇಲೆ ಒಂದೊಂದೇ ತೊಡಕು ಎದುರಾಯಿತು. ಮೂರು ವರ್ಷದ ಲೆಕ್ಕ ಗೆಳತಿಯ ಲ್ಯಾಪ್‌ಟಾಪಿನಲ್ಲಿತ್ತು, ಅವಳು ಕೊಡಲಿಲ್ಲ. ಬ್ಯಾಂಕಿನ ವಿವರಪಟ್ಟಿ, ಪಿಎಫ್ ರಸೀದಿ, ನಾನು ರೋಗಿಗಳ ಮನೆಗೆ ಕೊಟ್ಟ ಬಿಲ್ಲುಗಳ ಪ್ರತಿ ಇಟ್ಟುಕೊಂಡು ಹೊಸ ಆಡಿಟರು ಬುಡದಿಂದ ಲೆಕ್ಕ ಕಟ್ಟಿದರು. ಹಿರಿಯ ನರ್ಸು ನಾವು ಆರೈಕೆ ಮಾಡಿದ್ದ ಮನೆಗಳಿಗೆ ಹೋಗಿ ಪತ್ರ ಬರೆಸಿಕೊಂಡು ಬಂದರು. “ನಮ್ಮ ತಂದೆಯವರ ಕೊನೆಯ ದಿನಗಳಲ್ಲಿ ಈ ಕಂಪನಿಯ ನರ್ಸು ನಮ್ಮ ಮನೆಯಲ್ಲಿದ್ದರು” ಎಂದು ಒಬ್ಬರು ಬರೆದಿದ್ದರು. ಅದನ್ನು ಓದುತ್ತಾ ಕುಳಿತಾಗ ಕಂಪನಿ ಇತ್ತೆಂದು ನನಗೇ ಮತ್ತೆ ನಂಬಿಕೆ ಬಂತು. ನ್ಯಾಯಮಂಡಳಿಯ ಕಚೇರಿ ಆ ಪತ್ರಗಳು ಕನ್ನಡದಲ್ಲಿವೆಯೆಂದು ಹಿಂದಿರುಗಿಸಿತು. ಇಂಗ್ಲಿಷಿಗೆ ಅನುವಾದಿಸಿ, ಪ್ರಮಾಣೀಕರಿಸಿ, ಪುಟಸಂಖ್ಯೆ ಸರಿಪಡಿಸಿ ಮತ್ತೆ ಕಳಿಸಿದೆವು.

ದೊಡ್ಡ ಪ್ರಶ್ನೆ ಅರ್ಜಿ ಕಳಿಸುವ ಮೊದಲೇ ಬಂದಿತ್ತು, ಅದರ ಜೊತೆಗಿಡುವ ಪ್ರಮಾಣಪತ್ರದಲ್ಲಿ, ಎಂದರೆ ಅಫಿಡವಿಟ್ಟಿನಲ್ಲಿ. ಸಲ್ಲಿಕೆಗಳು ಯಾಕೆ ತಪ್ಪಿದವು ಎಂದು ಅದರಲ್ಲಿ ಪ್ರಮಾಣ ಮಾಡಿ ಹೇಳಬೇಕು. ‘ಡೈರೆಕ್ಟರುಗಳ ಗಮನಕ್ಕೆ ಬಾರದೆ ಉದ್ದೇಶವಿಲ್ಲದೆ ಆದ ತಪ್ಪು’ ಎಂದು ಬರೆದರೆ ಸಾಕು, ಹೆಚ್ಚಿನವರು ಹಾಗೆಯೇ ಬರೆಯುತ್ತಾರೆ ಎಂದರು ಸೆಕ್ರೆಟರಿ ಗೊತ್ತುಮಾಡಿಕೊಟ್ಟ ನಮ್ಮ ವಕೀಲರು. ಆ ವಾರವೇ ಗೆಳತಿಯ ಫೋನು ಬಂತು. ಬಹಳ ದಿನಗಳ ಮೇಲೆ ಅವಳ ದನಿ ಕೇಳಿದ್ದು.

“ಅರ್ಜಿ ಹಾಕ್ತಿದ್ದೀಯಂತೆ. ಹಾಕು, ಒಳ್ಳೇದೇ. ನನ್ನ ಹೆಸರು ಮಾತ್ರ ತರ್ಬೇಡ. ಅಮ್ಮನಿಗೆ ಹುಷಾರಿರ್ಲಿಲ್ಲ, ಹಾಗಾಗಿ ಬಿಟ್ಟುಹೋಯ್ತು ಅಂತ ಬರಿ. ಸುಳ್ಳೇನಲ್ಲ ಅಲ್ವಾ?”

ನನ್ನ ತೀರಿಹೋದ ಅಮ್ಮನನ್ನು ಅವಳು ತನ್ನ ಮುಂದೆ ಅಡ್ಡ ನಿಲ್ಲಿಸಿಕೊಳ್ಳುತ್ತಿದ್ದಳು. ಆದರೂ, ನಿಜ ಹೇಳುವುದಾದರೆ, ನಾನು ಒಪ್ಪುವವಳಿದ್ದೆ. ಬೇಗ ಮುಗಿದರೆ ಸಾಕಾಗಿತ್ತು. ತಡೆದವರು ಹಿರಿಯ ನರ್ಸು. ಸೆಕ್ರೆಟರಿ ಕರಡನ್ನು ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದಾಗ ಅವರು ನಡುವೆ ಕೇಳಿದರು:

“ಡೈರೆಕ್ಟರುಗಳ ತಪ್ಪು ಅಂದ್ರೆ ಯಾರದ್ದು? ನನ್ನದಾ?”

“ಕಾಗದದ ಪ್ರಕಾರ ನಿಮ್ಮಿಬ್ಬರದು,” ಎಂದರು ಸೆಕ್ರೆಟರಿ.

“ನಾನೆಂತ ಮಾಡಿದ್ದೇನೆ ಸಿಸ್ಟರ್?” ನನ್ನ ಕಡೆ ತಿರುಗಿ ಕೇಳಿದರು. “ಇಂಜೆಕ್ಷನ್ ಕೊಟ್ಟದ್ದು ನಾನಾದ್ರೆ ಚಾರ್ಟಲ್ಲಿ ನಾನು ಸಹಿ ಹಾಕ್ತೇನೆ. ಕೊಡದ್ದಕ್ಕೆ ಯಾಕೆ ಹಾಕ್ಬೇಕು?”

ಕರಡನ್ನು ಹರಿದು ಹೊಸತಾಗಿ ಬರೆಸಿದೆ. ಬೈಗುಳವಿಲ್ಲ, ವಿಶೇಷಣವಿಲ್ಲ. ಯಾರ ಟೋಕನ್ ಯಾರ ಬಳಿ ಇತ್ತು, ಯಾರು ಯಾರನ್ನು ಏನೆಂದು ಹೇಳಿ ಡೈರೆಕ್ಟರ್ ಮಾಡಿದರು, ನೋಟಿಸು ಎಲ್ಲಿಗೆ ಹೋಯಿತು, ಅಷ್ಟೇ. ಅರ್ಧ ಪಾಲಿನ ಷೇರುದಾರಳಾದ್ದರಿಂದ ಗೆಳತಿಯನ್ನೂ ಪ್ರಕರಣದಲ್ಲಿ ಸೇರಿಸಬೇಕಾಯಿತು.

ಅವಳು ವಕೀಲರನ್ನಿಟ್ಟು ಉತ್ತರ ಸಲ್ಲಿಸಿದಳು. ಎಲ್ಲವೂ ನನಗೆ ಗೊತ್ತಿದ್ದೇ, ನನ್ನ ಒಪ್ಪಿಗೆಯಿಂದಲೇ ನಡೆದದ್ದು ಎಂದು. ಸಾಕ್ಷಿಯಾಗಿ ನಾನು ಅವಳಿಗೆ ಕಳಿಸಿದ್ದ ಒಂದು ವಾಟ್ಸಾಪ್ ಸಂದೇಶವನ್ನು ಲಗತ್ತಿಸಿದ್ದಳು. ಅಮ್ಮ ಐಸಿಯುವಿನಲ್ಲಿದ್ದಾಗ, ಅವಳು ಏನೋ ಸಹಿಯ ವಿಷಯ ಕೇಳಿದ್ದಕ್ಕೆ ನಾನು ಬರೆದದ್ದು: ‘ನನ್ನನ್ನು ಕೇಳ್ಬೇಡ. ನೀನು ಮಾಡಿದ್ದು ಸರಿಯೇ ಇರ್ತದೆ. ನಿನ್ನ ಮೇಲೆ ನನಗೆ ನನ್ನಷ್ಟೇ ನಂಬಿಕೆ ಉಂಟು.’

ನಮ್ಮ ವಕೀಲರ ಕಚೇರಿಯಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಓದಿದೆ. ಕೆಳಗೆ ಅನುಬಂಧದ ಸಂಖ್ಯೆಯ ಮೊಹರಿತ್ತು. ಆ ಸಂದೇಶ ಕಳಿಸಿದ ದಿನ ಅವಳು ಆಸ್ಪತ್ರೆಗೆ ಬಂದು, ಊಟದ ಡಬ್ಬಿ ಕೊಟ್ಟು, ನಾನು ಉಣ್ಣುವವರೆಗೆ ಪಕ್ಕದಲ್ಲಿ ಕುಳಿತಿದ್ದಳು. ಅಲ್ಲಿಯವರೆಗೆ ಒಮ್ಮೆಯೂ ಅಳದವಳು ಆಗ ಅತ್ತೆ. ವಕೀಲರು ಫ್ಯಾನು ಜೋರು ಮಾಡಿ ಹೊರಗೆ ಹೋದರು.

ವಿಚಾರಣೆ ಹಲವು ಬಾರಿ ಮುಂದಕ್ಕೆ ಹೋಯಿತು. ಸರದಿ ಬರುವುದನ್ನು ಕಂಪ್ಯೂಟರಿನ ಪರದೆಯ ಮೇಲೆ ಕಾಯುವುದು, ಬರದೆ ಎದ್ದು ಹೋಗುವುದು. ಲೆಕ್ಕಗಳನ್ನು ಸಲ್ಲಿಸುವುದಾದರೆ ತಮ್ಮ ಆಕ್ಷೇಪವಿಲ್ಲ ಎಂದು ರಿಜಿಸ್ಟ್ರಾರ್ ವರದಿ ಕೊಟ್ಟರು. ಕೊನೆಗೆ ಒಂದು ದಿನ ನಮ್ಮ ಪ್ರಕರಣ ಕೂಗಿದರು, ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಕಂಪನಿ ವ್ಯವಹಾರ ನಡೆಸುತ್ತಿತ್ತೆಂದು ಒಪ್ಪಿ ಹೆಸರನ್ನು ರಿಜಿಸ್ಟರಿಗೆ ಮರಳಿಸಲು ಆದೇಶ. ಬಾಕಿಯನ್ನೆಲ್ಲ ದಂಡದ ಸಮೇತ ಸಲ್ಲಿಸಬೇಕು. ಅದಕ್ಕಾಗಿ ನನ್ನ ಮತ್ತು ಹಿರಿಯ ನರ್ಸಿನ ಡೈರೆಕ್ಟರ್ ಸಂಖ್ಯೆಗಳನ್ನು ಮತ್ತೆ ಚಾಲ್ತಿಗೆ ತರಬೇಕು. ಷೇರುದಾರರಿಬ್ಬರ ನಡುವಿನ ಆರೋಪಗಳನ್ನು ಇಲ್ಲಿ ಪರಿಶೀಲಿಸುವ ಅಗತ್ಯ ಕಾಣುವುದಿಲ್ಲ, ಬೇಕಾದವರು ಬೇರೆ ಕಡೆ ಹೋಗಬಹುದು.

ನಾನು ಬೇರೆ ಕಡೆ ಹೋಗಲಿಲ್ಲ. ಪೊಲೀಸಿಗೆ ದೂರು ಕೊಡಿ ಎಂದವರು ಬಹಳ ಜನ. ಟೋಕನ್ ದುರುಪಯೋಗ ಸಣ್ಣ ಅಪರಾಧವಲ್ಲ ಎಂದು ಸೆಕ್ರೆಟರಿಯೂ ಹೇಳಿದರು. ಆ ಸಂದೇಶವನ್ನು ಇನ್ನೊಂದು ಕಟಕಟೆಯಲ್ಲಿ ಇನ್ನೊಮ್ಮೆ ಯಾರೋ ಓದುವುದನ್ನು ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಆಸ್ಪತ್ರೆಯ ಮ್ಯಾನೇಜರು ಅಷ್ಟು ದಿನ ಕಾದಿರಲಿಲ್ಲ. ಆ ಒಪ್ಪಂದ ಒಂದು ಹೊಸ ಕಂಪನಿಗೆ ಹೋಗಿತ್ತು. ಅದರ ಡೈರೆಕ್ಟರುಗಳು ನನ್ನ ಗೆಳತಿ ಮತ್ತು ಅವಳ ಮಗಳು. ನಮ್ಮ ನರ್ಸುಗಳಲ್ಲೂ ಕೆಲವರು ಅಲ್ಲಿಗೆ ಸೇರಿದರು. ನಾನು ಅವರನ್ನು ದೂರುವುದಿಲ್ಲ. ಗಲ್ಫಿಗೆ ಆಯ್ಕೆಯಾದ ಇಬ್ಬರಲ್ಲಿ ಒಬ್ಬಳ ಕೆಲಸ ಅಷ್ಟರಲ್ಲಿ ಕೈತಪ್ಪಿತ್ತು. ಇನ್ನೊಬ್ಬಳ ಬಗ್ಗೆ ಪರಿಶೀಲನೆಯ ಇಮೇಲು ಬಂದಾಗ, ಹೌದು, ಈಕೆ ನಮ್ಮಲ್ಲಿ ದುಡಿದಿದ್ದಾಳೆ ಎಂದು ಉತ್ತರಿಸಿದೆ. ಕಳಿಸುವ ಮುಂಚೆ ಅದನ್ನು ಹಿರಿಯ ನರ್ಸಿಗೆ ತೋರಿಸಿದೆ.

ಬಾಕಿ ಲೆಕ್ಕ ಸಲ್ಲಿಸಲು ಷೇರುದಾರರ ಸಾಮಾನ್ಯ ಸಭೆ ಆಗಬೇಕಿತ್ತು. ಸಭೆಗೆ ಕನಿಷ್ಠ ಇಬ್ಬರು ಷೇರುದಾರರು ಖುದ್ದು ಹಾಜರಿರಬೇಕು. ಇದ್ದವರೇ ನಾವಿಬ್ಬರು, ನಾನು ಮತ್ತು ನನ್ನ ಗೆಳತಿ.

“ನಿಮ್ಮ ಷೇರಿನಲ್ಲಿ ಸ್ವಲ್ಪ ಇವರ ಹೆಸರಿಗೆ ಮಾಡಿಬಿಡುವ ಮೇಡಂ,” ಎಂದರು ಸೆಕ್ರೆಟರಿ, ಹಿರಿಯ ನರ್ಸನ್ನು ತೋರಿಸಿ. “ಆಗ ನಿಮ್ಮ ಪಾಲುದಾರೆ ಬಂದ್ರೂ ಬಾರದಿದ್ರೂ ತೊಂದರೆ ಇಲ್ಲ.”

“ಮಾಡುವ. ಆದ್ರೆ ಒಮ್ಮೆ ಕರೆದು ನೋಡ್ತೇನೆ,” ಎಂದೆ.

ಕಾನೂನಿನಂತೆ ಮೂರು ವಾರ ಮುಂಚಿತವಾಗಿ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸು ಕಳಿಸಿದೆ. ತಲುಪಿದ ರಸೀದಿಯಲ್ಲಿ ಅವಳದೇ ಸಹಿ ಇತ್ತು.

ಸಭೆಯ ದಿನ ಕಂಕನಾಡಿಯ ಆಫೀಸಿನಲ್ಲಿ ಮೇಜು ಒರೆಸಿ, ಲೆಕ್ಕಪತ್ರದ ಪ್ರತಿಗಳನ್ನು ಜೋಡಿಸಿ ಮೂವರೂ ಕುಳಿತೆವು. ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಕಾಯಬೇಕು, ಆಮೇಲೆ ಸಭೆಯನ್ನು ಮುಂದಿನ ವಾರ ಅದೇ ದಿನ, ಅದೇ ಹೊತ್ತು, ಅದೇ ಜಾಗಕ್ಕೆ ಮುಂದೂಡಬೇಕು ಎಂದು ಕಾನೂನು ಹೇಳುತ್ತದೆ. ಕೆಳಗೆ ಮೀನಿನವರ ಕೂಗು, ಬಸ್ಸುಗಳ ಹಾರನ್ನು. ಅರ್ಧ ಗಂಟೆ ಕಳೆಯಿತು. ಸೆಕ್ರೆಟರಿ ನನ್ನ ಮುಖ ನೋಡಿದರು.

“ಇನ್ನು ಸ್ವಲ್ಪ ನೋಡುವ,” ಎಂದೆ.

ಕೆಳಗೊಂದು ರಿಕ್ಷಾ ನಿಂತಿತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ನಾನು ಎದ್ದು ನಿಂತೆ. ಸದ್ದು ನಮ್ಮ ಬಾಗಿಲು ದಾಟಿ ಮೇಲಿನ ಮಹಡಿಯ ಹಲ್ಲಿನ ಡಾಕ್ಟರರ ಕಡೆ ಹೋಯಿತು.

“ಸಾಕು ಸಿಸ್ಟರ್,” ಎಂದರು ಹಿರಿಯ ನರ್ಸು ಮೆಲ್ಲಗೆ. “ಅವರು ಬರುದಿಲ್ಲ.”

ಸಭೆ ಮುಂದೂಡಲಾಗಿದೆ ಎಂದು ಬರೆಸಿ ಸಹಿ ಹಾಕಿದೆ. ಆ ವಾರ ನನ್ನ ಷೇರುಗಳಲ್ಲಿ ಒಂದಿಷ್ಟನ್ನು ಹಿರಿಯ ನರ್ಸಿನ ಹೆಸರಿಗೆ ವರ್ಗಾಯಿಸಿದೆವು. ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ, ಅದೇ ಮೇಜಿನ ಸುತ್ತ ಸಭೆ ಸೇರಿತು. ಆ ದಿನ ನಾನು ಬಾಗಿಲಿಗೆ ಬೆನ್ನು ಹಾಕಿ ಕುಳಿತೆ.